ಅಂಕಿ ಸಂಖ್ಯೆಯಲ್ಲಿ ಗಡಿನಾಡಿನ ರೈತ ಎಲ್ಲಿದ್ದಾನೆ?

ದಿನಪತ್ರಿಕೆ ಬಿಚ್ಚಿದರೆ ಸಾಕು, ಅಂಕಿ ಸಂಖ್ಯೆಗಳ ಸುರಿಮಳೆ. ಹಣದುಬ್ಬರ ಇಷ್ಟು ಇಳಿಯಿತು, ರೈತನ ಆದಾಯ ಇಷ್ಟು ಏರಿತು, ಸಾಲಗಾರರು ನೂರಕ್ಕೆ ಇಷ್ಟು ಮಂದಿ, ಕನ್ನಡ ಮಾತಾಡುವವರು ನೂರಕ್ಕೆ ಇಷ್ಟು ಮಂದಿ. ನಮ್ಮ ಆದೋನಿ, ಆಲೂರು ಸೀಮೆಯ ಹೋಟೆಲ್ ಕಟ್ಟೆಯ ಮೇಲೆ ಇದನ್ನು ಓದುವವರಲ್ಲಿ ಎರಡು ಪಂಗಡ. "ಪೇಪರಿನಾಗ ಬಂದೈತಿ ಅಂದ್ರ ಖರೇನ ಇರಬೇಕು" ಅನ್ನುವವರು ಒಂದು ಕಡೆ. "ಎಲ್ಲಾ ಸುಳ್ಳು ಬಿಡ್ರೀ, ಆಫೀಸಿನಾಗ ಕುಂತು ಬರೀತಾರ" ಅನ್ನುವವರು ಇನ್ನೊಂದು ಕಡೆ. ಈ ಎರಡು ಮಾತಿನಿಂದಲೂ ನಮಗೆ ನಷ್ಟವೇ ಎಂಬುದು ನನ್ನ ಅಭಿಪ್ರಾಯ.

ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ಒಕ್ಕಲಿಗ. ಕನ್ನಡ, ತೆಲುಗು ಎರಡರಲ್ಲೂ ಒಂದಿಷ್ಟು ಪದ್ಯ ಬರೆದವನು. ಅರ್ಥಶಾಸ್ತ್ರ ನಾನು ಕಲಿತಿಲ್ಲ. ಆದರೆ "ಲೆಕ್ಕ" ಎಂಬ ಮಾತು ಎರಡು ಭಾಷೆಯಲ್ಲೂ ಒಂದೇ. ಅದನ್ನು ಮಂಡಿಗೆ ಮಾಲು ಹಾಕುವ ರೈತನಿಗೂ ಮಾಲು ಹಿಡಿಯುವ ವ್ಯಾಪಾರಿಗೂ ಹೊಸದಾಗಿ ಕಲಿಸಬೇಕಿಲ್ಲ. ಅಡತಿ ಅಂಗಡಿಯ ಖಾತೆ ಪುಸ್ತಕ ಸುಳ್ಳಲ್ಲ. ತೂಕ, ದರ, ಹಮಾಲಿ, ಕಮಿಷನ್ ಎಲ್ಲ ಅದರಲ್ಲಿರುತ್ತದೆ. ಆದರೆ ರೈತ ಬೀಜಕ್ಕೆ ಎಷ್ಟು ಕೊಟ್ಟ, ಗೊಬ್ಬರಕ್ಕೆ ಎಷ್ಟು ಕೊಟ್ಟ ಎಂಬುದು ಆ ಪುಸ್ತಕದಲ್ಲಿ ಇರುವುದಿಲ್ಲ. ಆ ಪುಸ್ತಕ ಬರೆದದ್ದು ಅದಕ್ಕಾಗಿ ಅಲ್ಲ. ಸರ್ಕಾರದ ಅಂಕಿಯೂ ಹಾಗೆಯೇ. ಯಾರನ್ನು ಕೇಳಿ ಬರೆದರು, ಏನು ಕೇಳಿ ಬರೆದರು ಎಂದು ತಿಳಿಯದೆ ಅದನ್ನು ನಂಬುವುದೂ ತಪ್ಪು, ತೆಗೆದು ಹಾಕುವುದೂ ತಪ್ಪು.

ಮೊದಲು ಉಳ್ಳಾಗಡ್ಡಿಯ ಲೆಕ್ಕ

2023ರ ಜುಲೈ ತಿಂಗಳಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇಕಡಾ 7.44ಕ್ಕೆ ಏರಿತು. ಟೊಮ್ಯಾಟೊ, ತರಕಾರಿ ಬೆಲೆ ಗಗನಕ್ಕೆ ಹೋದದ್ದು ಮುಖ್ಯ ಕಾರಣ. ಮರುತಿಂಗಳೇ, ಆಗಸ್ಟ್‌ನಲ್ಲಿ, ಉಳ್ಳಾಗಡ್ಡಿ ರಫ್ತಿನ ಮೇಲೆ ಶೇಕಡಾ 40 ಸುಂಕ ಬಿತ್ತು. ಡಿಸೆಂಬರಿನಲ್ಲಿ ರಫ್ತೇ ಬಂದ್ ಆಯಿತು. 2024ರ ಮೇ ತಿಂಗಳಲ್ಲಿ ಬಂದ್ ತೆಗೆದರು, ಆದರೆ ಸುಂಕ ಹಾಕಿದರು. ಅದು ಪೂರಾ ಹೋದದ್ದು 2025ರ ಏಪ್ರಿಲ್ 1ಕ್ಕೆ.

ಈಗ 2025ಕ್ಕೆ ಬನ್ನಿ. ಮಳೆಗಾಲದಲ್ಲಿ ಕರ್ನೂಲು ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಬೆಲೆ ನೆಲಕಚ್ಚಿತು. ಆಂಧ್ರ ಸರ್ಕಾರ ಆಗಸ್ಟ್ ಕೊನೆಗೆ ಕ್ವಿಂಟಾಲ್‌ಗೆ 1,200 ರೂಪಾಯಿಯಂತೆ ಖರೀದಿಗೆ ಇಳಿಯಿತು, ಸೆಪ್ಟೆಂಬರಿನಲ್ಲಿ ಹೆಕ್ಟೇರಿಗೆ 50,000 ರೂಪಾಯಿ ಪರಿಹಾರ ಸಾರಿತು. ಅದರ ಹಿಂದೆಯೇ ಬಂದದ್ದು ಅಕ್ಟೋಬರ್ ತಿಂಗಳ ಅಂಕಿ: ಹಣದುಬ್ಬರ ಶೇಕಡಾ 0.25. 2012ನ್ನು ಮೂಲ ವರ್ಷ ಮಾಡಿಕೊಂಡ ಆ ಸೂಚ್ಯಂಕದಲ್ಲಿ ಅಷ್ಟು ಕಡಿಮೆ ಹಿಂದೆಂದೂ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಇಳಿದದ್ದೂ ಕಾರಣ ಹೌದು. ಆದರೆ ಆಹಾರ ಪದಾರ್ಥದ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡಾ 5.02 ಕೆಳಗಿತ್ತು. ಪಟ್ಟಣದವರಿಗೆ ಇದು ಶುಭ ಸುದ್ದಿ. ನಮ್ಮ ಕಡೆ ಚೀಲದಲ್ಲೇ ಕೊಳೆತ ಗಡ್ಡೆಯೂ ಅದೇ ಶುಭ ಸುದ್ದಿಯ ಒಂದು ಪಾಲು.

ಇಲ್ಲಿ ಅಂಕಿ ಸುಳ್ಳು ಹೇಳಿತೇ? ಇಲ್ಲ. ಆ ಲೆಕ್ಕ ಕೊಳ್ಳುವವನ ಬುಟ್ಟಿಯದು. ಒಂದು ಸಾಧಾರಣ ಮನೆ ತಿಂಗಳಿಗೆ ಏನೇನು ಕೊಳ್ಳುತ್ತದೆ ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ತೂಕ ಕೊಟ್ಟು, ಅದರ ಬೆಲೆ ಎಷ್ಟಾಯಿತು ಎಂದು ನೋಡುತ್ತಾರೆ. ನಾನು ಹೇಳಿದ ಆ ಸರಣಿಯಲ್ಲಿ ನೂರಕ್ಕೆ 45.86 ತೂಕ ತಿನ್ನುವ ಕುಡಿಯುವ ಪದಾರ್ಥಕ್ಕೆ ಇತ್ತು. ಬೆಳೆದು ಮಾರುವವನಿಗೆ ಎಷ್ಟು ಉಳಿಯಿತು ಎಂದು ಆ ಲೆಕ್ಕ ಕೇಳುವುದೇ ಇಲ್ಲ. ಕೊಳ್ಳುವವನ ಲೆಕ್ಕ ಹಾಕಬಾರದು ಎಂದು ನಾನು ಅನ್ನುವುದಿಲ್ಲ. ನಾವೂ ಎಣ್ಣೆ, ಸಕ್ಕರೆ, ಬಟ್ಟೆ ಕೊಳ್ಳುವವರೇ. ನನ್ನ ತಕರಾರು ಬೇರೆ. ಕೊಳ್ಳುವವನ ಅಂಕಿ ಏರಿದರೆ ಮರುತಿಂಗಳೇ ಬಂದರಿನ ಬಾಗಿಲಿಗೆ ಅಗಳಿ ಬೀಳುತ್ತದೆ. ಮಾರುವವನ ಬೆಲೆ ಬಿದ್ದರೆ ಅಷ್ಟೇ ಬೇಗ ಓಡಿ ಬರುವ ಒಂದು ಅಂಕಿ ದೇಶದ ಕಣ್ಣ ಮುಂದೆ ಇಲ್ಲ. ಎಣಿಸಿದ್ದಕ್ಕೆ ಮದ್ದು ಬೇಗ ಸಿಗುತ್ತದೆ, ಎಣಿಸದಿದ್ದಕ್ಕೆ ಧರಣಿ ಕೂತ ಮೇಲೆ ಸಿಗುತ್ತದೆ.

ಸರಾಸರಿ ರೈತ ಯಾವ ಊರಿನವನು?

ಇನ್ನೊಂದು ಅಂಕಿ ನೋಡ್ರಿ. 2018ರ ಜುಲೈನಿಂದ 2019ರ ಜೂನ್‌ವರೆಗಿನ ಕೃಷಿ ವರ್ಷದ ಬಗ್ಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. 2012-13ರಲ್ಲಿ ಇದೇ 6,426 ಇತ್ತು. ತಲೆಬರಹ ಓದಿದವನು "ರೈತನ ಆದಾಯ ಏರೈತಿ" ಅನ್ನುತ್ತಾನೆ. ಆದರೆ 10,218ನ್ನು ಬಿಡಿಸಿ ನೋಡಿದರೆ ಅದರಲ್ಲಿ ಕೂಲಿ, ಸಂಬಳದಿಂದ ಬಂದದ್ದು 4,063. ಬೆಳೆಯಿಂದ ಉಳಿದದ್ದು 3,798. ಹೈನು, ಕುರಿ, ಕೋಳಿಯಿಂದ 1,582. ಸಣ್ಣಪುಟ್ಟ ವ್ಯಾಪಾರದಿಂದ 641. ಹೊಲ ಗುತ್ತಿಗೆ ಕೊಟ್ಟದ್ದರಿಂದ 134. ಅಂದರೆ ಕೃಷಿ ಕುಟುಂಬ ಎಂದು ಹೆಸರಿದ್ದ ಮನೆಗೆ ಬೆಳೆಗಿಂತ ಹೆಚ್ಚು ದುಡ್ಡು ಕೂಲಿಯಿಂದ ಬಂತು. ನನಗೆ ಈ ಸಮೀಕ್ಷೆಯ ದೊಡ್ಡ ಸುದ್ದಿ ಇದೇ. ಸುಗ್ಗಿ ಮುಗಿಯುತ್ತಲೇ ಆದೋನಿ, ಕೋಸಿಗಿ ಕಡೆಯ ಮಂದಿ ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಲಾರಿ ಹತ್ತುವುದನ್ನು ಕಂಡವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಈ 10,218 ಬರೀ ಕೈಯಿಂದ ಕೊಟ್ಟ ಖರ್ಚನ್ನು ಕಳೆದ ಲೆಕ್ಕ. ಮನೆಯವರ ದುಡಿಮೆ, ಮನೆಯ ಬೀಜ, ಮನೆಯ ಎತ್ತು, ತಿಪ್ಪೆಯ ಗೊಬ್ಬರ ಇವಕ್ಕೂ ಬೆಲೆ ಕಟ್ಟಿ ಕಳೆದರೆ ಅದೇ ಸಮೀಕ್ಷೆ ಕೊಡುವ ಅಂಕಿ 8,337. ಎರಡು ಅಂಕಿಯೂ ಖರೇ. ಆದರೆ ನಮ್ಮ ಮನೆಯ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆವರೆಗೆ ಕಳೆ ತೆಗೆದದ್ದು ಮೊದಲನೆಯದರಲ್ಲಿ ಪುಕ್ಕಟೆ, ಎರಡನೆಯದರಲ್ಲಿ ದುಡಿಮೆ. ಭಾಷಣದಲ್ಲಿ ಯಾವುದನ್ನು ಎತ್ತಿ ಹೇಳುತ್ತಾರೆ ಎಂಬುದನ್ನು ನೀವೇ ಗಮನಿಸಿ.

ಇನ್ನು ರಾಜ್ಯವಾರು ಲೆಕ್ಕ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಕೃಷಿ ಕುಟುಂಬದ ತಿಂಗಳ ಆದಾಯ 13,441, ಆಂಧ್ರದ್ದು 10,480. ಗಡಿಯಲ್ಲಿ ಬದುವಿನ ಆಚೆ ಕರ್ನಾಟಕ, ಈಚೆ ಆಂಧ್ರ. ಅದೇ ಎರೆಭೂಮಿ, ಅದೇ ಮೋಡ, ಅದೇ ಹತ್ತಿ. ಬದು ದಾಟಿದ ಕೂಡಲೇ ಮೂರು ಸಾವಿರ ಜಾಸ್ತಿ ಬೀಳುತ್ತದೆಯೇ? ಆಂಧ್ರದ ಸರಾಸರಿಯಲ್ಲಿ ಗೋದಾವರಿ ಬಯಲಿನ ಭತ್ತದ ಗದ್ದೆಯೂ ಇದೆ, ನಮ್ಮ ರಾಯಲಸೀಮೆಯ ಬೆದ್ದಲು ಹೊಲವೂ ಇದೆ. ಕರ್ನಾಟಕದ ಸರಾಸರಿಯಲ್ಲಿ ಮಲೆನಾಡಿನ ಅಡಿಕೆ ತೋಟವೂ ಇದೆ, ಸಿರುಗುಪ್ಪ, ಮೊಳಕಾಲ್ಮೂರಿನ ರೈತನೂ ಇದ್ದಾನೆ. ಗಡಿಯ ಎರಡೂ ಕಡೆಯವರು ತಮ್ಮ ತಮ್ಮ ರಾಜಧಾನಿಯ ಸರಾಸರಿಯಲ್ಲಿ ಕರಗಿ ಹೋಗುತ್ತಾರೆ. ನಮ್ಮಿಬ್ಬರ ಕಷ್ಟ ಒಂದೇ ಎಂದು ತೋರಿಸುವ ಪುಟವನ್ನು ಯಾವ ರಾಜ್ಯವೂ ಅಚ್ಚು ಹಾಕುವುದಿಲ್ಲ.

ಸಾಲದ ಅಂಕಿಯನ್ನೂ ಹಾಗೇ ಓದಬೇಕು. ಆಂಧ್ರದಲ್ಲಿ ಕೃಷಿ ಕುಟುಂಬಗಳಲ್ಲಿ ಶೇಕಡಾ 93.2 ಸಾಲದಲ್ಲಿ, ಸರಾಸರಿ ಸಾಲ 2,45,554 ರೂಪಾಯಿ. ಕರ್ನಾಟಕದಲ್ಲಿ ಶೇಕಡಾ 67.7, ಸರಾಸರಿ 1,26,240. ನಾಗಾಲ್ಯಾಂಡಿನಲ್ಲಿ ಶೇಕಡಾ 6.6 ಮಾತ್ರ. ಹಾಗಾದರೆ ನಾಗಾಲ್ಯಾಂಡಿನ ರೈತ ಆಂಧ್ರದವನಿಗಿಂತ ಹದಿನಾಲ್ಕು ಪಟ್ಟು ಸುಖಿಯೇ? ಸಾಲ ಹುಟ್ಟಬೇಕಾದರೆ ಕೊಡುವವನೂ ಇರಬೇಕಲ್ಲ! ನಮ್ಮಲ್ಲಿ ಬ್ಯಾಂಕಿನ ಬೆಳೆ ಸಾಲ ಇದೆ, ಹೆಣ್ಣುಮಕ್ಕಳ ಸಂಘದ ಸಾಲ ಇದೆ, ಅಡತಿ ಸಾಹುಕಾರನ ಮುಂಗಡ ಇದೆ, ಕೈಸಾಲ ಇದೆ. ಶೇಕಡಾ 7ರ ಬೆಳೆ ಸಾಲವೂ, ತಿಂಗಳಿಗೆ ನೂರಕ್ಕೆ 3 ರೂಪಾಯಿಯಂತೆ ವರ್ಷಕ್ಕೆ 36 ಆಗುವ ಕೈಸಾಲವೂ ಆ ಒಂದು ಮೊತ್ತದಲ್ಲಿ ಪಕ್ಕಪಕ್ಕ ಕೂತಿರುತ್ತವೆ. ಸಮೀಕ್ಷೆಯ ಒಳಪುಟದಲ್ಲಿ ಬೇರೆ ಬೇರೆ ಬರೆದಿದ್ದಾರೆ. ದೇಶದ ಮಟ್ಟದಲ್ಲಿ ಬ್ಯಾಂಕು, ಸೊಸೈಟಿ ಮುಂತಾದ ಸಂಸ್ಥೆಗಳ ಪಾಲು ಶೇಕಡಾ 69.6 ಎಂದಿದೆ. ತಲೆಬರಹಕ್ಕೆ ಬರುವುದು ಒಟ್ಟು ಮೊತ್ತ ಒಂದೇ. ನಮ್ಮನ್ನು ಸುಡುವ ಬೆಂಕಿ ಯಾವುದು, ಒಲೆಯ ಬೆಂಕಿ ಯಾವುದು ಎಂದು ಒಟ್ಟು ಮೊತ್ತ ಹೇಳಲಾರದು.

ಮಳೆಯ ಲೆಕ್ಕವೂ ಇದೇ ಜಾತಿಯದು. 2009ರಲ್ಲಿ ದೇಶದ ಮುಂಗಾರು ವಾಡಿಕೆಯ ಶೇಕಡಾ 78ಕ್ಕೆ ಬಿತ್ತು, ದೊಡ್ಡ ಬರ. ಅದೇ ವರ್ಷ ಅಕ್ಟೋಬರ್ 2ರಂದು ಕರ್ನೂಲು ಪಟ್ಟಣ ನೀರಿನಲ್ಲಿ ಮುಳುಗಿತು. ಬಿತ್ತುವಾಗ ಬಾರದ ಮಳೆ ಮತ್ತು ಊರು ಮುಳುಗಿಸಿದ ಮಳೆ ಎರಡನ್ನೂ ವರ್ಷದ ಕೊನೆಗೆ ಒಂದೇ ಅಳತೆ ಗಾಜಿನಲ್ಲಿ ಕೂಡಿಸುತ್ತಾರೆ. ಒಣಗಿದ ಪೈರಿಗೆ ಆ ಕೂಡಿಕೆಯಿಂದ ಏನು ಬಂತು?

ನುಡಿಯ ಲೆಕ್ಕ, ಗಡಿಯ ಲೆಕ್ಕ

ಗಡಿನಾಡಿನವರಾದ ನಮಗೆ ಅಂಕಿಯ ಮಹತ್ವ ಬೇರೆಯವರಿಗಿಂತ ಹೆಚ್ಚು ಗೊತ್ತಿರಬೇಕು. ನಮ್ಮ ಗಡಿ ಹುಟ್ಟಿದ್ದೇ ಎಣಿಕೆಯಿಂದ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಮೂರು ತಾಲ್ಲೂಕು ಆಂಧ್ರಕ್ಕೆ ಸೇರಿದವು. ಬಳ್ಳಾರಿ ತಾಲ್ಲೂಕಿನ ಜಗಳ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಗೆ ಹೋಗಿ ಮೈಸೂರಿನ ಪಾಲಾಯಿತು. ಕನ್ನಡದವರು ಎಷ್ಟು, ತೆಲುಗಿನವರು ಎಷ್ಟು ಎಂಬುದೇ ಅಂದಿನ ವಾದಗಳ ಬೆನ್ನೆಲುಬು. ಎರಡೂ ಮಾತಾಡುವವರು ಎಷ್ಟು ಎಂಬ ಪ್ರಶ್ನೆಗೆ ಗೆರೆ ಎಳೆಯುವಾಗ ಬೆಲೆ ಇರಲಿಲ್ಲ. ಗೆರೆಗೆ ಎರಡೇ ಬದಿ.

ಈಗ ಹೋಟೆಲ್ ಕಟ್ಟೆಯ ಇನ್ನೊಂದು ಜಗಳಕ್ಕೆ ಬರುತ್ತೇನೆ. "ತೆಲುಗು ಕನ್ನಡವನ್ನು ನುಂಗಿತು" ಅನ್ನುವವರಿದ್ದಾರೆ. "ಬಳ್ಳಾರಿ, ಬೆಂಗಳೂರಿನಾಗ ಕನ್ನಡ ತೆಲುಗನ್ನ ನುಂಗೈತಿ" ಅನ್ನುವವರೂ ಇದ್ದಾರೆ. ಜನಗಣತಿ ಏನನ್ನುತ್ತದೆ? ದೇಶದಲ್ಲಿ ಕನ್ನಡ ಮಾತೃಭಾಷೆಯವರು 2001ರಲ್ಲಿ 3.79 ಕೋಟಿ, 2011ರಲ್ಲಿ 4.37 ಕೋಟಿ. ತೆಲುಗಿನವರು 7.40 ಕೋಟಿಯಿಂದ 8.11 ಕೋಟಿ. ಇಬ್ಬರೂ ಬೆಳೆದಿದ್ದಾರೆ. ಆದರೆ ದೇಶದ ನೂರರಲ್ಲಿ ಕನ್ನಡದ ಪಾಲು 3.69ರಿಂದ 3.61ಕ್ಕೆ, ತೆಲುಗಿನ ಪಾಲು 7.19ರಿಂದ 6.70ಕ್ಕೆ ಇಳಿದಿದೆ. ಒಬ್ಬರು ಇನ್ನೊಬ್ಬರನ್ನು ನುಂಗಿದ್ದರೆ ಒಬ್ಬರ ಪಾಲಾದರೂ ಏರಬೇಕಿತ್ತು. ಇಬ್ಬರದೂ ಇಳಿಯಲು ಕಾರಣ, ದಕ್ಷಿಣದಲ್ಲಿ ಮಕ್ಕಳು ಹುಟ್ಟುವುದು ಕಡಿಮೆಯಾಗಿ ಉತ್ತರದ ಜನಸಂಖ್ಯೆ ವೇಗವಾಗಿ ಬೆಳೆದದ್ದು. ಅದೇ ಅವಧಿಯಲ್ಲಿ ಹಿಂದಿಯ ಪಾಲು 41.03ರಿಂದ 43.63ಕ್ಕೆ ಏರಿತು. ಅದರೊಳಗೂ ಕೈಹಾಕಿ ನೋಡಿದರೆ 5 ಕೋಟಿ ಭೋಜಪುರಿ, 2.5 ಕೋಟಿ ರಾಜಸ್ಥಾನಿ ಮುಂತಾದ ಐವತ್ತಕ್ಕೂ ಹೆಚ್ಚು ನುಡಿಗಳನ್ನು ಹಿಂದಿ ಎಂಬ ಒಂದೇ ಚೀಲಕ್ಕೆ ತುಂಬಿದ್ದಾರೆ. ಎರಡು ನೆರೆಮನೆಯವರು ಬೇಲಿಗಾಗಿ ಹೊಡೆದಾಡುವ ಮೊದಲು ಇಷ್ಟನ್ನಾದರೂ ಓದಬಾರದೇ?

ಹಾಗಂತ ಗಡಿ ಕನ್ನಡಕ್ಕೆ ಆಪತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಆಪತ್ತು ದೇಶದ ಶೇಕಡಾವಾರಿನಲ್ಲಿ ಕಾಣುವುದಿಲ್ಲ, ಊರ ಶಾಲೆಯ ಹಾಜರಿ ಪುಸ್ತಕದಲ್ಲಿ ಕಾಣುತ್ತದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1949ರಲ್ಲಿ ಶಿಕ್ಷಣ ಮಂತ್ರಿಗಳ ಸಭೆ ಹಾಕಿಕೊಟ್ಟ ಅಳತೆ ಹೀಗಿದೆ: ಇಡೀ ಶಾಲೆಯಲ್ಲಿ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಆ ನುಡಿಯವರಿದ್ದರೆ ಅವರಿಗೆ ಅವರ ನುಡಿಯ ಮೇಷ್ಟ್ರನ್ನು ಕೊಡಬೇಕು. ಅಲ್ಪಸಂಖ್ಯಾತ ನುಡಿಯವರು ನೂರಕ್ಕೆ 15ರಿಂದ 20ರಷ್ಟಿರುವ ಕಡೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಅವರ ನುಡಿಯಲ್ಲೂ ಹೊರಡಿಸಬೇಕು. ನೋಡಿದಿರಾ, ನಮ್ಮ ಹಕ್ಕಿನ ಬಾಗಿಲಿಗೇ ಅಂಕಿ ನಿಂತಿದೆ!

ನಮ್ಮ ಕಡೆ ಕನ್ನಡ ಶಾಲೆಗಳು ಸೊರಗುವ ಬಗೆ ಗಡಿಯ ಎಲ್ಲರಿಗೂ ಗೊತ್ತು. ಮೇಷ್ಟ್ರು ನಿವೃತ್ತರಾಗುತ್ತಾರೆ, ಆ ಜಾಗ ಖಾಲಿ ಉಳಿಯುತ್ತದೆ. ಮೇಷ್ಟ್ರಿಲ್ಲವೆಂದು ತಾಯಿತಂದೆ ಮಕ್ಕಳನ್ನು ತೆಲುಗಿಗೋ ಇಂಗ್ಲಿಷಿಗೋ ಸೇರಿಸುತ್ತಾರೆ. ಹತ್ತಿದ್ದದ್ದು ಏಳಾಗುತ್ತದೆ. ಆಮೇಲೆ "ಮಕ್ಕಳೇ ಇಲ್ಲ, ಮೇಷ್ಟ್ರು ಯಾಕೆ?" ಎಂಬ ಉತ್ತರ ಬರುತ್ತದೆ. ಕಾಗದದ ಮೇಲೆ ಏಳು ಎಂಬ ಅಂಕಿ ಖರೇ. ಅದು ಜನ ಕನ್ನಡ ಬೇಡವೆಂದದ್ದಕ್ಕೆ ಸಾಕ್ಷಿಯಲ್ಲ, ಮೇಷ್ಟ್ರನ್ನು ಕೊಡದೇ ಇದ್ದದ್ದಕ್ಕೆ ಸಾಕ್ಷಿ. ಯಾವುದು ಮೊದಲು ಕಡಿಮೆಯಾಯಿತು, ಮೇಷ್ಟ್ರೋ ಮಕ್ಕಳೋ ಎಂದು ಹತ್ತು ವರ್ಷದ ಹಾಜರಿಯನ್ನು ಸಾಲಾಗಿ ಬರೆದು ತೋರಿಸಿದರೆ ಆಫೀಸರ ಮುಂದೆ ನಮ್ಮ ಅರ್ಜಿಗೆ ಬಲ ಬರುತ್ತದೆ. ಬರೀ ಘೋಷಣೆಗೆ ಆ ಬಲ ಇಲ್ಲ.

ಬರುವ ಗಣತಿಗೆ ನಾವು ಮಾಡಬೇಕಾದದ್ದು

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡು ಹೊಸ ಗಣತಿ ಎಂದು 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಜನರ ಎಣಿಕೆ 2027ರ ಫೆಬ್ರುವರಿಗೆ. ಮುಂದಿನ ಹತ್ತು ಹದಿನೈದು ವರ್ಷ ಶಾಲೆ, ರೇಷನ್, ಕ್ಷೇತ್ರ ಎಲ್ಲಕ್ಕೂ ಇದೇ ಆಧಾರ. ಆದ್ದರಿಂದ ನನ್ನ ಕೆಲವು ಸೂಚನೆ.

ಒಂದನೆಯದು, ಮಾತೃಭಾಷೆಯ ಪ್ರಶ್ನೆ. ಗಣತಿಯ ವ್ಯಾಖ್ಯೆಯಲ್ಲಿ ಮಾತೃಭಾಷೆ ಅಂದರೆ ಎಳವೆಯಲ್ಲಿ ತಾಯಿ ನಮ್ಮ ಜೊತೆ ಆಡಿದ ನುಡಿ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಮನೆಯಲ್ಲಿ ಆಡುತ್ತಿದ್ದ ನುಡಿ. ನೀವು ಇರುವ ರಾಜ್ಯ, ಓದಿದ ಮಾಧ್ಯಮ, ನಿಮ್ಮ ಜಾತಿ, ಧರ್ಮ ಯಾವುದನ್ನೂ ಅಲ್ಲಿ ಕೇಳುತ್ತಿಲ್ಲ. ತೆಲುಗು ತಾಯಿಯ ಮಗ ಸಂಘದವರ ಮಾತು ಕೇಳಿ ಕನ್ನಡ ಬರೆಸುವುದೂ ಬೇಡ, ಕನ್ನಡ ತಾಯಿಯ ಮಗಳು ರೇಷನ್ ಕಾರ್ಡ್ ತೆಲುಗಿನಲ್ಲಿದೆ ಎಂದು ತೆಲುಗು ಬರೆಸುವುದೂ ಬೇಡ. ಸುಳ್ಳು ಅಂಕಿಯಿಂದ ಬಂದ ಶಾಲೆಗೆ ಮಕ್ಕಳು ಬರುವುದಿಲ್ಲ.

ಎರಡನೆಯದು, ಹಿಂದಿನ ಗಣತಿಗಳಲ್ಲಿ ಮಾತೃಭಾಷೆಯ ನಂತರ ಗೊತ್ತಿರುವ ಇನ್ನೆರಡು ಭಾಷೆ ಬರೆಸಲು ಜಾಗ ಇತ್ತು. ಗಡಿಯ ಜನ ಅದನ್ನು ಖಾಲಿ ಬಿಡುವುದು ಹೆಚ್ಚು. ಎಣಿಸುವವರು ಕೇಳಲಿಕ್ಕಿಲ್ಲ, ನಾವೂ ಹೇಳುವುದಿಲ್ಲ. ಕಂದ ಪದ್ಯಕ್ಕೆ ಕನ್ನಡದಲ್ಲೂ ತೆಲುಗಿನಲ್ಲೂ ಮಾತ್ರೆಯ ಲೆಕ್ಕ ಒಂದೇ. ಅದನ್ನು ಎರಡರಲ್ಲೂ ಬರೆಯುವವನನ್ನು ಒಂದೇ ಖಾನೆಯಲ್ಲಿ ಕೂರಿಸಿದರೆ ಅರ್ಧ ಮನುಷ್ಯ ಹೊರಗುಳಿಯುತ್ತಾನೆ. ಎರಡು ನುಡಿಯವರು ಇಷ್ಟು ಮಂದಿ ಇದ್ದೇವೆ ಎಂದು ತೋರಿಸುವ ಜಾಗ ಅದೊಂದೇ. ಮನೆಯ ಮುದುಕರಿಗೂ, ಹೆಣ್ಣುಮಕ್ಕಳಿಗೂ, ಮಾತು ಬಂದ ಮಕ್ಕಳಿಗೂ ಅದನ್ನು ತುಂಬಿಸಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಫೆಬ್ರುವರಿ ಅಂದರೆ ಗುಂಟೂರಿನಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲ. ಹಿಂದಿನ ಗಣತಿಯ ನಿಯಮದಲ್ಲಿ, ಎಣಿಕೆಯ ಅವಧಿಯಲ್ಲಿ ಒಂದು ದಿನವಾದರೂ ಊರಲ್ಲಿದ್ದವನನ್ನು ಊರಿನಲ್ಲೇ ಎಣಿಸುತ್ತಿದ್ದರು. ಪೂರಾ ಅವಧಿ ಹೊರಗಿದ್ದವನನ್ನು ಸಿಕ್ಕಲ್ಲಿ ಎಣಿಸುತ್ತಿದ್ದರು. ಅದೇ ನಿಯಮ ನಡೆದರೆ ನಮ್ಮ ಊರಿನ ಅರ್ಧ ಓಣಿ ಗುಂಟೂರಿನ ಲೆಕ್ಕಕ್ಕೆ ಹೋಗುತ್ತದೆ, ಇಲ್ಲವೇ ಯಾವ ಲೆಕ್ಕಕ್ಕೂ ಹೋಗುವುದಿಲ್ಲ. ಬಡವರೇ ಹೆಚ್ಚು ಹೋಗುವುದರಿಂದ ಉಳಿದವರ ಸರಾಸರಿ ಸುಧಾರಿಸಿದಂತೆಯೂ ಕಂಡೀತು! ಪಂಚಾಯ್ತಿಯವರು, ಲಾರಿ ಕಳಿಸುವ ಮೇಸ್ತ್ರಿಗಳು, ಮಂಡಿಯ ಸಾಹುಕಾರರು ಈಗಲೇ ಈ ಮಾತು ಎತ್ತಬೇಕು. ಎಣಿಕೆಯ ದಿನಗಳಲ್ಲಿ ಒಂದು ಸಲ ಊರಿಗೆ ಬಂದು ಹೋಗಲು ಅನುಕೂಲ ಮಾಡಬೇಕು, ಬರಲಾರದವರನ್ನು ಅಲ್ಲಿನ ಗುಡಿಸಲಲ್ಲೇ ತಪ್ಪದೆ ಎಣಿಸುವಂತೆ ತಹಶೀಲ್ದಾರರಿಗೆ ಮನವಿ ಕೊಡಬೇಕು.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ನಿಮ್ಮ ಖಾತೆ ಪುಸ್ತಕಗಳಲ್ಲಿ ಇಪ್ಪತ್ತು ವರ್ಷದ ಹತ್ತಿ, ಶೇಂಗಾ, ಉಳ್ಳಾಗಡ್ಡಿ ದರ ಇದೆ. ರೈತರು ತಮ್ಮ ಬೀಜ, ಗೊಬ್ಬರ, ಕೂಲಿ, ಬಾಡಿಗೆಯ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಎರಡನ್ನೂ ಜೋಡಿಸಿ ನಮ್ಮ ಸೀಮೆಯ ಅಂಕಿ ನಾವೇ ತೆಗೆಯಬಹುದು. ಬೆಲೆ ಬಿದ್ದ ವರ್ಷ ಪರಿಹಾರ ಕೇಳಲು ಹೋದಾಗ "ಎಷ್ಟು ನಷ್ಟ?" ಎಂಬ ಮೊದಲ ಪ್ರಶ್ನೆಗೆ ಕೈ ಎತ್ತಿ ಅಳುವ ಬದಲು ಪುಸ್ತಕ ತೆಗೆದು ಇಡಬಹುದು.

ಇನ್ನು ಮುಂದೆ ಪತ್ರಿಕೆಯಲ್ಲಿ ಯಾವುದೇ ಅಂಕಿ ಕಂಡರೂ ಮೂರು ಪ್ರಶ್ನೆ ಕೇಳಿ. ಇದನ್ನು ಯಾರನ್ನು ಕೇಳಿ ಬರೆದರು? ಯಾವ ವರ್ಷದ್ದು, ಯಾವುದರ ಜೊತೆ ಹೋಲಿಸಿದರು? ಇದರಲ್ಲಿ ನಮ್ಮ ಊರು, ನಮ್ಮ ಮನೆ, ನಮ್ಮ ಹೆಣ್ಣುಮಕ್ಕಳ ದುಡಿಮೆ ಸೇರಿದೆಯೇ? ಸೇರಿಲ್ಲ ಎಂದಾದರೆ ಸುಳ್ಳು ಎಂದು ಸುಮ್ಮನೆ ಕೂರಬೇಡಿ. ಸೇರಿಸಿ ಎಂದು ಬರೆದು ಕೊಡಿ, ಕನ್ನಡದಲ್ಲೂ ಕೊಡಿ, ತೆಲುಗಿನಲ್ಲೂ ಕೊಡಿ.